ಸಹಿ ಯಾರದು? ಸರ್ಕಾರಿ ಕೆಲಸ ಮತ್ತು ಧರ್ಮಶ್ರದ್ಧೆ

ಸರ್ಕಾರಕ್ಕೆ ಧರ್ಮವಿಲ್ಲ, ಸರ್ಕಾರಿ ನೌಕರರಿಗೆ ಇರುತ್ತದೆ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲ ತಿದ್ದುಪಡಿ ಈ ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿತು: ಪ್ರಭುತ್ವ ಯಾವ ಮತವನ್ನೂ ತನ್ನದೆಂದು ಸ್ಥಾಪಿಸಬಾರದು, ಯಾರ ಮತಾಚರಣೆಗೂ ಅಡ್ಡಬರಬಾರದು. ಸಾಮಾನ್ಯ ಪ್ರಜೆಯ ಮಟ್ಟಿಗೆ ಇವೆರಡೂ ಜಗಳವಿಲ್ಲದೆ ಬಾಳುತ್ತವೆ. ತೊಡಕು ಶುರುವಾಗುವುದು ಒಬ್ಬರೇ ಪ್ರಜೆಯೂ ಪ್ರಭುತ್ವವೂ ಆದಾಗ. ಅಂಚೆ ಹಂಚುವವರು, ಪೊಲೀಸ್ ಪೇದೆ, ಮದುವೆ ಪರವಾನಗಿಗೆ ಸಹಿ ಹಾಕುವ ಅಧಿಕಾರಿ ಇಂಥ ಜಾಗದಲ್ಲಿ ನಿಂತವರು. ಇವರಲ್ಲಿ ಒಬ್ಬರು ‘ಈ ಕೆಲಸ ನನ್ನ ದೇವರಿಗೆ ಒಪ್ಪಿಗೆಯಿಲ್ಲ’ ಎಂದರೆ ಕಾನೂನು ಯಾರ ಕಡೆ ನಿಲ್ಲಬೇಕು?

ಅಮೆರಿಕ ಈ ಪ್ರಶ್ನೆಯನ್ನು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಎಳೆದಾಡಿದೆ. ಅಲ್ಲಿನ ತೀರ್ಪುಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ನೌಕರರ ನಂಬಿಕೆ ಎಷ್ಟು ಆಳವಾದದ್ದು ಎಂಬುದರಿಂದ ತೀರ್ಮಾನವಾದ ಮೊಕದ್ದಮೆಗಳು ಕಡಿಮೆ. ಆ ನಂಬಿಕೆಯ ಬೆಲೆಯನ್ನು ಕೊನೆಗೆ ಯಾರು ತೆರಬೇಕಾಗುತ್ತದೆ ಎಂಬುದೇ ಹೆಚ್ಚಿನ ಕಡೆ ತೀರ್ಪನ್ನು ನಿರ್ಧರಿಸಿದೆ.

ಭಾನುವಾರದ ಅಂಚೆ

ಹಳೆಯ ಪ್ರಸಂಗ ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಎಂಬ ಸಣ್ಣ ಊರಿನದು. ಅಲ್ಲಿನ ಪೋಸ್ಟ್‌ಮಾಸ್ಟರ್ ಹ್ಯೂ ವೈಲಿ ಪ್ರೆಸ್ಬಿಟೇರಿಯನ್ ಚರ್ಚಿನ ಹಿರಿಯನೂ ಆಗಿದ್ದ. ಟಪಾಲು ಭಾನುವಾರವೂ ಬರುತ್ತಿತ್ತು, ವೈಲಿ ಅಂದೂ ಕಚೇರಿ ತೆರೆದು ಕಾಗದ ವಿಂಗಡಿಸುತ್ತಿದ್ದ. ಭಾನುವಾರ ಕರ್ತನ ದಿನ, ಆ ದಿನ ದುಡಿಯುವುದು ಪಾಪ ಎಂದು ಚರ್ಚು 1809ರಲ್ಲಿ ಅವನನ್ನು ಪವಿತ್ರ ಭೋಜನ ಸಂಸ್ಕಾರದಿಂದ ಹೊರಗಿಟ್ಟಿತು. ಸುದ್ದಿ ರಾಜಧಾನಿಗೆ ಮುಟ್ಟಿತು. ಸಂಸತ್ತು ಮರುವರ್ಷವೇ ಕಾನೂನು ಮಾಡಿ, ವಾರದ ಯಾವ ದಿನ ಟಪಾಲು ಬಂದರೂ ಪೋಸ್ಟ್‌ಮಾಸ್ಟರರು ಅದನ್ನು ಜನರಿಗೆ ಮುಟ್ಟಿಸಬೇಕು ಎಂದಿತು. ವೈಲಿಯ ಚರ್ಚಿನ ಬಾಗಿಲು ಮುಚ್ಚಿತು, ಅಂಚೆ ಕಚೇರಿಯ ಬಾಗಿಲು ತೆರೆದೇ ಇತ್ತು.

ಆ ಕಾನೂನಿನ ವಿರುದ್ಧ ದಶಕಗಟ್ಟಲೆ ಮನವಿಪತ್ರಗಳು ಬಂದವು. 1912ರಲ್ಲಿ ಭಾನುವಾರದ ಅಂಚೆ ನಿಂತಿತು. ಅದಕ್ಕೆ ಧರ್ಮಭೀರುಗಳ ಒತ್ತಾಯದಷ್ಟೇ ವಾರಕ್ಕೊಂದು ರಜೆ ಬೇಕೆಂದ ಅಂಚೆ ನೌಕರರ ಒತ್ತಾಯವೂ ಕಾರಣ. ನೂರು ವರ್ಷದ ಬಳಿಕ ಅದೇ ಭಾನುವಾರ ಅದೇ ಇಲಾಖೆಗೆ ಮರಳಿ ಬರಲಿತ್ತು.

ವೇಳಾಪಟ್ಟಿಯ ಜಗಳಗಳಿಗೆ ಈಗಿನ ಕಾನೂನಿನ ಚೌಕಟ್ಟು ಬಂದದ್ದು 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ. ಉದ್ಯೋಗದಲ್ಲಿ ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡಬಾರದೆಂದು ಅದು ಹೇಳಿತು. 1972ರಲ್ಲಿ ಅದರ ವ್ಯಾಪ್ತಿಗೆ ಸರ್ಕಾರಿ ನೌಕರರೂ ಸೇರಿದರು. ಅದೇ ವರ್ಷ ಪಶ್ಚಿಮ ವರ್ಜೀನಿಯಾದ ಸೆನೆಟರ್ ಜೆನಿಂಗ್ಸ್ ರಾಂಡಾಲ್ಫ್ ಇನ್ನೊಂದು ಮಾತು ಸೇರಿಸಿದರು: ಸಂಸ್ಥೆಗೆ ಮಿತಿಮೀರಿದ ತೊಂದರೆಯಾಗದಿದ್ದರೆ ನೌಕರರ ಧರ್ಮಾಚರಣೆಗೆ ಅನುಕೂಲ ಮಾಡಿಕೊಡಬೇಕು. ರಾಂಡಾಲ್ಫ್ ಶನಿವಾರವನ್ನು ಪವಿತ್ರ ದಿನವೆಂದು ಆಚರಿಸುವ ಸೆವೆಂತ್ ಡೇ ಬ್ಯಾಪ್ಟಿಸ್ಟ್ ಪಂಗಡದವರು. ಭಾನುವಾರ ರಜೆಯ ದೇಶದಲ್ಲಿ ಶನಿವಾರದವರ ಪಾಡು ಅವರಿಗೆ ಮನೆಯ ಅನುಭವವೇ ಆಗಿತ್ತು.

ಆದರೆ ‘ಮಿತಿಮೀರಿದ ತೊಂದರೆ’ ಎಂದರೆ ಎಷ್ಟು? ಶನಿವಾರ ದುಡಿಯಲು ಒಪ್ಪದ ವಿಮಾನ ಸಂಸ್ಥೆಯ ನೌಕರನೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1977ರಲ್ಲಿ ಕೊಟ್ಟ ಉತ್ತರ ರಾಂಡಾಲ್ಫ್ ಸೇರಿಸಿದ ಮಾತಿನ ಗಾಳಿ ತೆಗೆಯಿತು. ತೀರಾ ಕ್ಷುಲ್ಲಕ ಎನ್ನುವುದಕ್ಕಿಂತ ಒಂದಿಷ್ಟು ಹೆಚ್ಚು ಖರ್ಚಾದರೂ ಅದು ಮಿತಿಮೀರಿದ್ದೇ ಎಂದು ಕೆಳಗಿನ ನ್ಯಾಯಾಲಯಗಳು ಆ ತೀರ್ಪನ್ನು ಓದಿಕೊಂಡವು. 46 ವರ್ಷ ಇದೇ ನಡೆಯಿತು.

ಅದನ್ನು ಬದಲಿಸಿದ್ದು ಮತ್ತೆ ಪೆನ್ಸಿಲ್ವೇನಿಯಾದ ಅಂಚೆಯೇ. ಅಂಚೆ ಇಲಾಖೆ 2013ರಲ್ಲಿ ಅಮೆಜಾನ್ ಜೊತೆ ಒಪ್ಪಂದ ಮಾಡಿಕೊಂಡು ಭಾನುವಾರ ಪಾರ್ಸೆಲ್ ಹಂಚಲು ಶುರುಮಾಡಿತು. ಗ್ರಾಮೀಣ ಭಾಗದ ಒಬ್ಬ ಟಪಾಲು ನೌಕರ ಭಾನುವಾರ ಬರಲಾರೆ ಎಂದ. ಅವನ ಪಾಲಿನ ಕೆಲಸ ಸಹೋದ್ಯೋಗಿಗಳ ಮೇಲೆ ಬಿತ್ತು, ಗೊಣಗಾಟ ಎದ್ದಿತು, ಶಿಸ್ತುಕ್ರಮಗಳು ಒಂದರ ಮೇಲೊಂದು ಬಂದವು, ಕೊನೆಗೆ 2019ರಲ್ಲಿ ಅವನು ರಾಜೀನಾಮೆ ಕೊಟ್ಟ. 2023ರ ಜೂನ್ 29ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹಳೆಯ ಅಳತೆಗೋಲನ್ನು ತಿದ್ದಿದರು. ಸಂಸ್ಥೆಯ ವ್ಯವಹಾರದ ಗಾತ್ರಕ್ಕೆ ಹೋಲಿಸಿದರೆ ಗಣನೀಯ ಎನ್ನಿಸುವಷ್ಟು ಹೊರೆ ಬಿದ್ದರೆ ಮಾತ್ರ ‘ಆಗದು’ ಎನ್ನಬಹುದು. ಸಹೋದ್ಯೋಗಿಗಳಿಗೆ ಆ ಧರ್ಮದ ಮೇಲೆ ಅಥವಾ ಧರ್ಮಕ್ಕೆ ರಿಯಾಯಿತಿ ಕೊಡುವುದರ ಮೇಲೆ ಸಿಟ್ಟಿದೆ ಎಂಬುದು ಹೊರೆಯ ಲೆಕ್ಕಕ್ಕೆ ಬರುವುದಿಲ್ಲ. ಮೊಕದ್ದಮೆ ಈ ಹೊಸ ಅಳತೆಯಲ್ಲಿ ಮರುವಿಚಾರಣೆಗೆ ಕೆಳಗಿನ ನ್ಯಾಯಾಲಯಕ್ಕೆ ಮರಳಿತು.

ಗಡ್ಡ, ಟೋಪಿ, ಜೂಜುಕಟ್ಟೆ

ಉಡುಪಿನ ತಕರಾರುಗಳು ಇದಕ್ಕಿಂತ ಸರಳ. ಅಮೆರಿಕದ ವಾಯುಪಡೆಯಲ್ಲಿ ಮನೋವಿಜ್ಞಾನಿಯಾಗಿದ್ದ ಯಹೂದಿ ಅಧಿಕಾರಿಯೊಬ್ಬರು ಸಮವಸ್ತ್ರದ ಜೊತೆ ತಮ್ಮ ಧರ್ಮದ ಪುಟ್ಟ ಟೋಪಿ ಧರಿಸುತ್ತಿದ್ದರು. 1986ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ವಾಯುಪಡೆಯ ನಿಷೇಧವನ್ನು ಎತ್ತಿಹಿಡಿಯಿತು. ಸಂಸತ್ತಿಗೆ ಇದು ಸರಿಕಾಣಲಿಲ್ಲ. ಅಚ್ಚುಕಟ್ಟಾಗಿದ್ದು ಕರ್ತವ್ಯಕ್ಕೆ ಅಡ್ಡಿಯಾಗದ ಧಾರ್ಮಿಕ ಧಿರಿಸನ್ನು ಸೈನಿಕರು ತೊಡಬಹುದೆಂದು ಅದು ಮರುವರ್ಷವೇ ಕಾನೂನು ಮಾಡಿತು. ನ್ಯೂಜೆರ್ಸಿಯ ನ್ಯೂವಾರ್ಕ್ ನಗರದ ಪೊಲೀಸ್ ಇಲಾಖೆ ಚರ್ಮರೋಗವಿದ್ದವರಿಗೆ ಗಡ್ಡ ಬಿಡಲು ಅನುಮತಿ ಕೊಟ್ಟಿತ್ತು, ಮುಸ್ಲಿಂ ಪೊಲೀಸರಿಗೆ ಕೊಟ್ಟಿರಲಿಲ್ಲ. ವೈದ್ಯರ ಚೀಟಿಗೆ ಬಗ್ಗುವ ನಿಯಮ ಧರ್ಮಕ್ಕೆ ಮಾತ್ರ ಏಕೆ ಸೆಟೆದು ನಿಲ್ಲಬೇಕು ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 1999ರಲ್ಲಿ ಕೇಳಿ, ಪೊಲೀಸರ ಪರ ತೀರ್ಪು ಕೊಟ್ಟಿತು. ಪೇದೆಯ ಗಡ್ಡದಿಂದ ದೂರು ಕೊಡಲು ಬಂದವರಿಗೆ ನಷ್ಟವೇನೂ ಇರಲಿಲ್ಲ.

ಕೆಲಸವನ್ನೇ ಮಾಡಲಾರೆ ಎಂದಾಗ ನ್ಯಾಯಾಲಯಗಳ ಧಾಟಿ ಬದಲಾಗುತ್ತದೆ. ಷಿಕಾಗೋದ ಕ್ಯಾಥೊಲಿಕ್ ಪೊಲೀಸ್ ಅಧಿಕಾರಿಯೊಬ್ಬ ಗರ್ಭಪಾತ ಚಿಕಿತ್ಸಾಲಯದ ಕಾವಲಿಗೆ ತನ್ನನ್ನು ಹಾಕಬೇಡಿ ಎಂದ. ಅಂಥ ಚಿಕಿತ್ಸಾಲಯವೇ ಇಲ್ಲದ ಠಾಣೆಗೆ, ಸಂಬಳ ಕಡಿಮೆಯಾಗದಂತೆ, ವರ್ಗಾವಣೆ ಕೇಳಬಹುದೆಂದು ಇಲಾಖೆ ಹೇಳಿತು. ಅಷ್ಟು ಸಾಕು ಎಂದು ಮೇಲ್ಮನವಿ ನ್ಯಾಯಾಲಯ 1998ರಲ್ಲಿ ಒಪ್ಪಿತು. ಪೀಠದಲ್ಲಿದ್ದ ರಿಚರ್ಡ್ ಪೋಸ್ನರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪೊಲೀಸರೂ ಅಗ್ನಿಶಾಮಕ ಸಿಬ್ಬಂದಿಯೂ ಯಾರನ್ನು ಕಾಯಬೇಕು, ಯಾರನ್ನು ಬಿಡಬೇಕು ಎಂದು ಆರಿಸಿಕೊಳ್ಳಲು ಹೊರಟರೆ ಜನ ಅವರ ನಿಷ್ಪಕ್ಷಪಾತವನ್ನು ನಂಬುವುದನ್ನೇ ಬಿಡುತ್ತಾರೆ ಎಂಬುದು ಅವರ ವಾದ. ಇಂಡಿಯಾನಾ ರಾಜ್ಯದ ಬ್ಯಾಪ್ಟಿಸ್ಟ್ ಪೊಲೀಸನೊಬ್ಬನನ್ನು ಕ್ಯಾಸಿನೊ ಒಂದರ ಉಸ್ತುವಾರಿಗೆ ನೇಮಿಸಲಾಯಿತು. ಜೂಜು ಪಾಪ, ಜೂಜುಕಟ್ಟೆಗೆ ಕಾವಲು ನಿಲ್ಲುವುದೂ ಪಾಪ ಎಂದು ನಿರಾಕರಿಸಿದ ಅವನು ಕೆಲಸ ಕಳೆದುಕೊಂಡ. 2003ರ ತೀರ್ಪಿನಲ್ಲಿ ಅವನಿಗೂ ಸೋಲಾಯಿತು. ಪಡೆಯಲ್ಲಿ ಹತ್ತಾರು ಮತದವರಿರುವಾಗ ಪ್ರತಿಯೊಬ್ಬರ ಪಾಪಪುಣ್ಯಕ್ಕೆ ತಕ್ಕಂತೆ ಡ್ಯೂಟಿ ಹಂಚುವುದು ಆಗದ ಮಾತು ಎಂದು ನ್ಯಾಯಾಲಯ ಭಾವಿಸಿತು.

ರೋವನ್ ಕೌಂಟಿಯ ಬೇಸಿಗೆ

ಇಷ್ಟೂ ಪ್ರಶ್ನೆಗಳು ಒಂದೇ ಕೌಂಟರಿನ ಮುಂದೆ ಸಾಲುಗಟ್ಟಿ ನಿಂತದ್ದು 2015ರಲ್ಲಿ, ಕೆಂಟಕಿ ರಾಜ್ಯದ ರೋವನ್ ಕೌಂಟಿಯಲ್ಲಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು ಅಥವಾ ಸಣ್ಣ ಜಿಲ್ಲೆ. ಅದರ ಕ್ಲರ್ಕ್ ಹೆಸರಿಗೆ ಗುಮಾಸ್ತೆಯಾದರೂ ಅದು ಜನರಿಂದ ಚುನಾಯಿತವಾಗುವ ಹುದ್ದೆ. ವಾಹನ ನೋಂದಣಿ, ಆಸ್ತಿ ದಾಖಲೆ, ಮತದಾರರ ಪಟ್ಟಿ, ಮದುವೆ ಪರವಾನಗಿ ಎಲ್ಲವೂ ಆ ಕಚೇರಿಯದೇ. ರೋವನ್ ಕೌಂಟಿಯಲ್ಲಿ ಕಿಮ್ ಡೇವಿಸ್ ಅವರ ತಾಯಿ ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಕ್ಲರ್ಕ್ ಆಗಿದ್ದರು. ಅವರ ಕೈಕೆಳಗೆ ಮಗಳು ಎರಡೂವರೆ ದಶಕಕ್ಕೂ ಮಿಕ್ಕಿ ಉಪಕ್ಲರ್ಕ್ ಆಗಿ ದುಡಿದರು. 2014ರ ನವೆಂಬರಿನಲ್ಲಿ ತಾಯಿಯ ಕುರ್ಚಿಗೆ ಮಗಳೇ ಆಯ್ಕೆಯಾದರು. ಡೇವಿಸ್ ಅಪೊಸ್ಟಲಿಕ್ ಪಂಗಡದ ನಿಷ್ಠಾವಂತ ಕ್ರೈಸ್ತರು.

2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಬರ್ಗೆಫೆಲ್ ಮೊಕದ್ದಮೆಯಲ್ಲಿ 5-4ರ ಬಹುಮತದಿಂದ ಸಲಿಂಗಿಗಳ ಮದುವೆ ಸಂವಿಧಾನದತ್ತ ಹಕ್ಕು ಎಂದು ಸಾರಿತು. ರಾಜ್ಯಪಾಲ ಸ್ಟೀವ್ ಬೆಷಿಯರ್ ಕೆಂಟಕಿಯ 120 ಕೌಂಟಿಗಳ ಕ್ಲರ್ಕುಗಳಿಗೆ ತೀರ್ಪನ್ನು ಪಾಲಿಸಲು ಸೂಚಿಸಿದರು. ಡೇವಿಸ್ ಬೇರೆ ದಾರಿ ಹಿಡಿದರು. ಸಲಿಂಗಿ ಜೋಡಿಗಳಿಗೆ ಮಾತ್ರ ನಿರಾಕರಿಸಿದರೆ ತಾರತಮ್ಯವಾಗುತ್ತದೆಂದು ಅವರು ಯಾರಿಗೂ ಪರವಾನಗಿ ಕೊಡುವುದನ್ನೇ ನಿಲ್ಲಿಸಿದರು. ಕೆಂಟಕಿಯ ನಮೂನೆಯ ಮೇಲೆ ಕ್ಲರ್ಕಿನ ಹೆಸರು ಅಚ್ಚಾಗುತ್ತಿತ್ತು. ತಮ್ಮ ಹೆಸರಿರುವ ಕಾಗದ ಹೊರಗೆ ಹೋದರೆ ತಾವೇ ಆ ಮದುವೆಗೆ ಒಪ್ಪಿಗೆ ಕೊಟ್ಟಂತೆ, ಅದು ದೇವರ ಆಜ್ಞೆಯ ಉಲ್ಲಂಘನೆ ಎಂಬುದು ಅವರ ನಿಲುವು. ನಾಲ್ಕು ಜೋಡಿಗಳು ನ್ಯಾಯಾಲಯಕ್ಕೆ ಹೋದವು. ಅವುಗಳಲ್ಲಿ ಎರಡು ಮಾತ್ರ ಸಲಿಂಗಿ ಜೋಡಿಗಳು, ಉಳಿದೆರಡು ಗಂಡುಹೆಣ್ಣಿನ ಜೋಡಿಗಳು.

ಡೇವಿಸ್ ಚುನಾಯಿತರಾಗಿದ್ದುದೇ ಅವರಿಗೆ ತೊಡರುಗಾಲಾಯಿತು. ರಾಂಡಾಲ್ಫ್ ತಿದ್ದುಪಡಿಯ ರಕ್ಷಣೆ ನೌಕರರಿಗೆ ಸಿಗುತ್ತದೆ, ಆದರೆ ಆ ಕಾಯ್ದೆ ಚುನಾಯಿತ ಅಧಿಕಾರಿಗಳನ್ನು ನೌಕರರೆಂದು ಎಣಿಸುವುದಿಲ್ಲ. ಆದ್ದರಿಂದ ಅವರು 2013ರ ಕೆಂಟಕಿ ಧರ್ಮಸ್ವಾತಂತ್ರ್ಯ ಕಾನೂನಿನ ಮೊರೆಹೊಕ್ಕರು. ಆ ಕಾನೂನಿನ ಹಿಂದೆಯೂ ಒಂದು ಕಥೆಯಿದೆ. ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ತಟಸ್ಥ ಕಾನೂನಿನಿಂದ ಧರ್ಮದ ಹೆಸರಿನಲ್ಲಿ ವಿನಾಯಿತಿ ಕೇಳುವ ಹಕ್ಕು ಸಂವಿಧಾನದಲ್ಲಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತ್ತು. ಅದಕ್ಕೆ ಉತ್ತರವಾಗಿ ಸಂಸತ್ತು 1993ರಲ್ಲಿ ಧರ್ಮಸ್ವಾತಂತ್ರ್ಯ ಪುನಃಸ್ಥಾಪನಾ ಕಾಯ್ದೆ ತಂದಿತು. ಅದು ರಾಜ್ಯಗಳಿಗೆ ಅನ್ವಯಿಸದೆಂದು 1997ರಲ್ಲಿ ತೀರ್ಪು ಬಂದ ಮೇಲೆ ಹಲವು ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿಕೊಂಡವು. ಕೆಂಟಕಿಯ ಕಾಯ್ದೆಯನ್ನು ಬೆಷಿಯರ್ ತಡೆಹಿಡಿದಿದ್ದರು, ಶಾಸಕಾಂಗ ಆ ತಡೆಯನ್ನು ಮೀರಿ ಅದನ್ನು ಜಾರಿಗೆ ತಂದಿತ್ತು.

ಫೆಡರಲ್ ನ್ಯಾಯಾಧೀಶ ಡೇವಿಡ್ ಬನ್ನಿಂಗ್ ಆಗಸ್ಟ್ 12ರಂದು ಪರವಾನಗಿ ಕೊಡುವಂತೆ ಆದೇಶಿಸಿದರು. ಮೇಲ್ಮನವಿ ನ್ಯಾಯಾಲಯ ತಡೆ ಕೊಡಲಿಲ್ಲ. ಆಗಸ್ಟ್ 31ರಂದು ಸುಪ್ರೀಂ ಕೋರ್ಟೂ ಕೊಡಲಿಲ್ಲ. ಮರುದಿನವೂ ಕೌಂಟರಿಗೆ ಬಂದವರು ಬರಿಗೈಯಲ್ಲಿ ಮರಳಿದರು. ಬನ್ನಿಂಗ್ ಸ್ವತಃ ಕ್ಯಾಥೊಲಿಕ್, ರಿಪಬ್ಲಿಕನ್ ಸೆನೆಟರ್ ಒಬ್ಬರ ಮಗ, ಜಾರ್ಜ್ ಡಬ್ಲ್ಯು. ಬುಷ್ ನೇಮಿಸಿದವರು. ಸಂಪ್ರದಾಯವಿರೋಧಿ ಎಂದು ಅವರನ್ನು ಬೊಟ್ಟುಮಾಡುವುದು ಯಾರಿಗೂ ಸುಲಭವಿರಲಿಲ್ಲ. ಸೆಪ್ಟೆಂಬರ್ 3ರಂದು ಅವರು ಡೇವಿಸ್ ಅವರನ್ನು ನ್ಯಾಯಾಂಗ ನಿಂದನೆಗಾಗಿ ಜೈಲಿಗೆ ಕಳಿಸಿದರು. ಆರು ಉಪಕ್ಲರ್ಕುಗಳಲ್ಲಿ ಐವರು ಪರವಾನಗಿ ಕೊಡಲು ಒಪ್ಪಿದರು. ಒಪ್ಪದೆ ಉಳಿದವರು ಡೇವಿಸ್ ಅವರ ಮಗ. ಮರುದಿನ ಬೆಳಗ್ಗೆಯೇ ಕೌಂಟರ್ ತೆರೆಯಿತು, ಸಲಿಂಗಿ ಜೋಡಿಗಳಿಗೆ ಪರವಾನಗಿ ಸಿಕ್ಕಿತು. ಸೆಪ್ಟೆಂಬರ್ 8ರಂದು ಡೇವಿಸ್ ಬಿಡುಗಡೆಯಾದರು. ಕೆಲಸಕ್ಕೆ ಮರಳಿದ ಮೇಲೆ ಅವರು ಉಪಕ್ಲರ್ಕುಗಳನ್ನು ತಡೆಯಲಿಲ್ಲ, ನಮೂನೆಯಿಂದ ತಮ್ಮ ಹೆಸರು ತೆಗೆಸಿದರು.

ಜೈಲಿಗೆ ಕಳಿಸುವ ಬದಲು ಅವರನ್ನು ಕೆಲಸದಿಂದ ತೆಗೆಯಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜ. ಚುನಾಯಿತ ಕ್ಲರ್ಕನ್ನು ತೆಗೆಯಲು ಶಾಸಕಾಂಗದ ಮಹಾಭಿಯೋಗ ಬೇಕು, ಆಗ ಅಧಿವೇಶನವೇ ಇರಲಿಲ್ಲ. ದಂಡ ಹಾಕಿದರೆ ಬೆಂಬಲಿಗರು ಚಂದಾ ಎತ್ತಿ ಕಟ್ಟಿಬಿಡುತ್ತಾರೆಂದು ನ್ಯಾಯಾಧೀಶರು ಭಾವಿಸಿದರು. ಪಕ್ಕದ ಕೌಂಟಿಗೆ ಹೋಗಿ ಪರವಾನಗಿ ತರಬಹುದಲ್ಲ ಎಂಬ ಡೇವಿಸ್ ಪರ ವಾದವನ್ನೂ ಅವರು ಒಪ್ಪಲಿಲ್ಲ. ತೆರಿಗೆ ಕಟ್ಟುವ ಊರಿನ ಕಚೇರಿಯಲ್ಲಿ ಸಿಗಬೇಕಾದ ಕಾಗದಕ್ಕೆ ಪ್ರಜೆ ಪರಊರಿಗೆ ಅಲೆಯಬೇಕೆಂದರೆ, ಅಧಿಕಾರಿಯ ಶ್ರದ್ಧೆಯ ಬೆಲೆಯನ್ನು ಪ್ರಜೆಯ ಕಿಸೆಯಿಂದ ವಸೂಲು ಮಾಡಿದಂತೆ.

ಡೇವಿಸ್ ಅವರ ಪರವಾಗಿ ಹೇಳಬಹುದಾದ ಮಾತು ಇಲ್ಲದಿಲ್ಲ. ಅವರು ಮತ ಕೇಳಿದಾಗ ಇಂಥ ಪರವಾನಗಿ ಆ ಹುದ್ದೆಯ ಕೆಲಸವಾಗಿರಲಿಲ್ಲ, ಆಟ ನಡೆಯುತ್ತಿರುವಾಗಲೇ ನಿಯಮ ಬದಲಾಯಿತು. ತಮ್ಮ ಹೆಸರನ್ನು ಕಾಗದದಿಂದ ತೆಗೆಯಿರಿ, ಬೇರೆಯವರು ಕೊಡಲಿ ಎಂದು ಅವರೇ ಮೊದಲಿನಿಂದ ಕೇಳಿದ್ದರು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ 2020ರಲ್ಲಿ ಸ್ಯಾಮ್ಯುಯೆಲ್ ಅಲಿಟೊ ಅವರ ಜೊತೆಗೂಡಿ ಬರೆದ ಟಿಪ್ಪಣಿಯಲ್ಲಿ, ಒಬರ್ಗೆಫೆಲ್ ತೀರ್ಪು ಧರ್ಮಸ್ವಾತಂತ್ರ್ಯವನ್ನು ಲಘುವಾಗಿ ಕಂಡದ್ದರ ಮೊದಲ ಬಲಿಪಶುಗಳಲ್ಲಿ ಡೇವಿಸ್ ಒಬ್ಬರು ಎಂದರು. ಆದರೂ ಡೇವಿಸ್ ವಾದದ ದುರ್ಬಲ ಕೊಂಡಿ ಬೇರೆ ಕಡೆಯಿತ್ತು. ತಾವು ಸಹಿ ಹಾಕದೆ ಹಿಂದೆ ಸರಿದದ್ದಷ್ಟೇ ಅಲ್ಲ, ಆ ಬೇಸಿಗೆಯಲ್ಲಿ ಕೈಕೆಳಗಿನವರಿಗೂ ಕೊಡಬೇಡಿ ಎಂದರು. ಒಬ್ಬರ ಆತ್ಮಸಾಕ್ಷಿ ಅಲ್ಲಿಗೆ ಇಡೀ ಕಚೇರಿಯ ಬೀಗವಾಯಿತು.

ಮುಂದಿನದು ದೀರ್ಘ ಲೆಕ್ಕಪತ್ರ. 2018ರ ಚುನಾವಣೆಯಲ್ಲಿ ಡೇವಿಸ್ ಸೋತರು. ಮೂಲ ಮೊಕದ್ದಮೆಯಲ್ಲಿ ಗೆದ್ದವರ ವಕೀಲರ ಶುಲ್ಕ, ಸುಮಾರು 2 ಲಕ್ಷ 25 ಸಾವಿರ ಡಾಲರ್, ರಾಜ್ಯದ ತಲೆಗೆ ಬಿತ್ತು. ಪರವಾನಗಿ ಸಿಗದ ಎರಡು ಜೋಡಿಗಳು ಹೂಡಿದ ಪರಿಹಾರದ ದಾವೆ 2023ರ ಸೆಪ್ಟೆಂಬರಿನಲ್ಲಿ ಎರಡು ಜ್ಯೂರಿಗಳ ಮುಂದೆ ಬಂತು. ಒಂದು ಜ್ಯೂರಿ ಒಂದು ಜೋಡಿಯ ಇಬ್ಬರಿಗೂ ತಲಾ 50,000 ಡಾಲರ್ ಕೊಡಬೇಕೆಂದಿತು, ಇನ್ನೊಂದು ಜ್ಯೂರಿ ಇನ್ನೊಂದು ಜೋಡಿಗೆ ಬಿಡಿಗಾಸನ್ನೂ ಕೊಡಲಿಲ್ಲ. ಮೇಲೆ ಸುಮಾರು 2 ಲಕ್ಷ 60 ಸಾವಿರ ಡಾಲರ್ ವಕೀಲರ ಖರ್ಚು ಡೇವಿಸ್ ಹೆಗಲಿಗೆ ಬಂತು. ಒಬರ್ಗೆಫೆಲ್ ತೀರ್ಪನ್ನೇ ರದ್ದುಮಾಡಿ ಎಂದು ಅವರು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ನವೆಂಬರ್ 10ರಂದು ವಿಚಾರಣೆಗೇ ತೆಗೆದುಕೊಳ್ಳದೆ ತಳ್ಳಿಹಾಕಿತು.

ನಮೂನೆ ಬದಲಿಸಿದ ರಾಜ್ಯಗಳು

ತಮಾಷೆಯೆಂದರೆ, ಜೈಲು, ಮೇಲ್ಮನವಿ, ಟಿವಿ ಕ್ಯಾಮೆರಾಗಳೆಲ್ಲ ಸುತ್ತಿದ ಈ ಬಿಕ್ಕಟ್ಟಿಗೆ ಪರಿಹಾರ ಸಿಕ್ಕಿದ್ದು ಒಂದು ಅರ್ಜಿ ನಮೂನೆಯಲ್ಲಿ. ಬೆಷಿಯರ್ ನಂತರ ಬಂದ ರಾಜ್ಯಪಾಲ ಮ್ಯಾಟ್ ಬೆವಿನ್ 2015ರ ಡಿಸೆಂಬರಿನಲ್ಲಿ ಪರವಾನಗಿಯ ಮೇಲಿನ ಕ್ಲರ್ಕುಗಳ ಹೆಸರನ್ನು ತೆಗೆಸಿದರು. 2016ರಲ್ಲಿ ಶಾಸಕಾಂಗ ಅದನ್ನು ಕಾನೂನು ಮಾಡಿತು. ಜೋಡಿಗೆ ಪರವಾನಗಿ ಸಿಕ್ಕಿತು, ಕ್ಲರ್ಕಿಗೆ ತನ್ನ ಹೆಸರಿನ ಹೊರೆ ತಪ್ಪಿತು.

ಯೂಟಾ ರಾಜ್ಯ ಇದನ್ನು ಮುಂಚೆಯೇ ಊಹಿಸಿತ್ತು. 2015ರ ಮಾರ್ಚ್‌ನಲ್ಲಿ, ಒಬರ್ಗೆಫೆಲ್ ತೀರ್ಪಿಗೂ ಮೊದಲೇ, ಅದು ಮಾಡಿದ ಕಾನೂನು ಹೊಣೆಯನ್ನು ಕ್ಲರ್ಕಿನ ಮೇಲಲ್ಲ, ಕಚೇರಿಯ ಮೇಲೆ ಹಾಕಿತು: ಕ್ಲರ್ಕಿಗೆ ಇಷ್ಟವಿಲ್ಲದಿದ್ದರೆ ಮದುವೆ ಮಾಡಿಸಲು ಸಿದ್ಧರಿರುವ ಇನ್ನೊಬ್ಬರನ್ನು ಕಚೇರಿ ಒದಗಿಸಲೇಬೇಕು. ಉತ್ತರ ಕೆರೊಲಿನಾ ಅದೇ ವರ್ಷ ಮ್ಯಾಜಿಸ್ಟ್ರೇಟರಿಗೆ ಹಿಂದೆ ಸರಿಯುವ ಅವಕಾಶ ಕೊಟ್ಟಿತು, ಆದರೆ ಷರತ್ತಿತ್ತು. ಸರಿದವರು ಕನಿಷ್ಠ ಆರು ತಿಂಗಳು ಯಾರ ಮದುವೆಯನ್ನೂ ಮಾಡಿಸುವಂತಿಲ್ಲ, ಇವರದು ಬೇಕು ಅವರದು ಬೇಡ ಎನ್ನುವಂತಿಲ್ಲ. ಮ್ಯಾಕ್‌ಡೊವೆಲ್ ಕೌಂಟಿಯಲ್ಲಿ ಎಲ್ಲ ಮ್ಯಾಜಿಸ್ಟ್ರೇಟರೂ ಹಿಂದೆ ಸರಿದು, ಪಕ್ಕದ ಕೌಂಟಿಯಿಂದ ಜನ ತರಿಸಬೇಕಾಯಿತು. ಅಲಬಾಮಾ 2019ರಲ್ಲಿ ಪರವಾನಗಿ ಎಂಬುದನ್ನೇ ಕೈಬಿಟ್ಟಿತು. ಜೋಡಿಯೇ ನಮೂನೆ ತುಂಬಿ ನೋಟರಿ ಮುಂದೆ ಸಹಿ ಮಾಡಿ ತಂದರೆ, ನ್ಯಾಯಾಧೀಶರು ಅದನ್ನು ದಾಖಲಿಸಿಕೊಳ್ಳುತ್ತಾರೆ, ಅಷ್ಟೆ.

ಇಂಥ ಏರ್ಪಾಡುಗಳನ್ನು ಎರಡೂ ಕಡೆಯವರು ಜರೆದಿದ್ದಾರೆ. ವಿನಾಯಿತಿ ವಿರೋಧಿಗಳು ನೆನಪಿಸುವುದು ಜನಾಂಗದ ಇತಿಹಾಸವನ್ನು. ಬಿಳಿಯರೂ ಕರಿಯರೂ ಮದುವೆಯಾಗುವುದು ಅಪರಾಧವಾಗಿದ್ದ ವರ್ಜೀನಿಯಾದಲ್ಲಿ, ದೇವರೇ ಜನಾಂಗಗಳನ್ನು ಬೇರೆಬೇರೆ ಖಂಡಗಳಲ್ಲಿಟ್ಟ ಎಂದು 1965ರಲ್ಲಿ ನ್ಯಾಯಾಧೀಶರೊಬ್ಬರು ಬರೆದಿದ್ದರು. ಆ ಕಾನೂನು ಬಿದ್ದದ್ದು 1967ರಲ್ಲಿ. 2009ರಲ್ಲೂ ಲೂಸಿಯಾನಾದ ಶಾಂತಿಪಾಲನಾ ನ್ಯಾಯಾಧೀಶನೊಬ್ಬ ಮಿಶ್ರ ಜನಾಂಗದ ಜೋಡಿಗೆ ಮದುವೆ ಮಾಡಿಸಲು ಒಪ್ಪದೆ, ದೇಶವೇ ಛೀಮಾರಿ ಹಾಕಿದ ಮೇಲೆ ರಾಜೀನಾಮೆ ಕೊಟ್ಟ. ಅವನು ಕೊಟ್ಟ ಕಾರಣ ಧರ್ಮವಲ್ಲ, ಹುಟ್ಟುವ ಮಕ್ಕಳ ಭವಿಷ್ಯ. ಅವನಿಗಿಲ್ಲದ ವಿನಾಯಿತಿ ದೇವರ ಹೆಸರು ಹೇಳಿದ ಮಾತ್ರಕ್ಕೆ ಇನ್ನೊಬ್ಬರಿಗೇಕೆ ಎಂಬ ಪ್ರಶ್ನೆಗೆ ಯೂಟಾದ ಜಾಣ ಕಾನೂನಿನಲ್ಲೂ ಪೂರ್ಣ ಉತ್ತರವಿಲ್ಲ.

ರಾಜೀನಾಮೆ ಕೊಟ್ಟು ಹೋಗಬೇಕು ಎಂಬುದು ಇನ್ನೊಂದು ವಾದ. ಅದನ್ನು ಖಡಕ್ಕಾಗಿ ಹೇಳಿದವರು ನಿಷ್ಠಾವಂತ ಕ್ಯಾಥೊಲಿಕ್ ಆಗಿದ್ದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ. ಮರಣದಂಡನೆ ಅನೈತಿಕವೆಂದು ನಂಬುವ ನ್ಯಾಯಾಧೀಶ ಕಾನೂನನ್ನು ತಿರುಚಬಾರದು, ಹುದ್ದೆ ಬಿಡಬೇಕು ಎಂದು 2002ರಲ್ಲಿ ಅವರು ಬರೆದಿದ್ದರು. ಮಾತು ನೇರವಾಗಿದೆ. ಆದರೆ ಸಣ್ಣ ತೊಡಕಿಗೂ ರಾಜೀನಾಮೆಯೇ ಮದ್ದು ಎಂದರೆ ಸರ್ಕಾರಿ ಕೆಲಸ ಶ್ರದ್ಧಾವಂತರಿಗಲ್ಲ ಎಂಬ ಬೋರ್ಡು ತೂಗುಹಾಕಿದಂತಾಗುತ್ತದೆ. ಸಾರ್ವಜನಿಕ ಹುದ್ದೆಗೆ ಧರ್ಮಪರೀಕ್ಷೆ ಇರಕೂಡದೆಂದು ಅಮೆರಿಕದ ಸಂವಿಧಾನವೇ ಹೇಳುತ್ತದೆ. ದೇವರಿದ್ದಾನೆಂದು ಘೋಷಿಸಲು ಒಪ್ಪದವನಿಗೆ ಮೇರಿಲ್ಯಾಂಡ್ ನೋಟರಿ ಹುದ್ದೆ ನಿರಾಕರಿಸಿದಾಗ, 1961ರಲ್ಲಿ ಸುಪ್ರೀಂ ಕೋರ್ಟ್ ನಿಂತದ್ದು ಅವನ ಪರವಾಗಿ. ಆಣೆ ಇಡುವುದನ್ನೇ ಪಾಪವೆಂದು ಬಗೆಯುವ ಕ್ವೇಕರರಿಗೂ ಅಧಿಕಾರದ ಬಾಗಿಲು ತೆರೆದಿರುವಂತೆ, ಪ್ರಮಾಣದ ಬದಲು ಬರೀ ದೃಢೀಕರಣವೂ ಸಾಕು ಎಂದು ಆ ಸಂವಿಧಾನ ಮೊದಲ ದಿನದಿಂದಲೂ ಅವಕಾಶ ಕೊಟ್ಟಿದೆ. ಭಾರತದ ಸಂವಿಧಾನದ ಮೂರನೇ ಅನುಸೂಚಿಯಲ್ಲೂ ದೇವರ ಹೆಸರಿನ ಪ್ರಮಾಣ, ದೇವರ ಹೆಸರಿಲ್ಲದ ದೃಢೀಕರಣ ಎರಡೂ ಇವೆ.

ಬ್ರಿಟನ್, ಕೆನಡಾ, ನೆದರ್‌ಲ್ಯಾಂಡ್ಸ್

ಲಂಡನ್ನಿನ ಇಸ್ಲಿಂಗ್ಟನ್ ಬರೋದಲ್ಲಿ ಲಿಲಿಯನ್ ಲಡೇಲ್ 2002ರಿಂದ ವಿವಾಹ ನೋಂದಣಾಧಿಕಾರಿಯಾಗಿದ್ದರು. 2005ರ ಡಿಸೆಂಬರಿನಲ್ಲಿ ಸಲಿಂಗಿಗಳ ನಾಗರಿಕ ಜೊತೆಗಾರಿಕೆ ಕಾನೂನು ಜಾರಿಗೆ ಬಂದಾಗ ಕೌನ್ಸಿಲ್ ಎಲ್ಲ ನೋಂದಣಾಧಿಕಾರಿಗಳಿಗೂ ಆ ಕೆಲಸ ವಹಿಸಿತು. ಕೆಲಕಾಲ ಲಡೇಲ್ ಸಹೋದ್ಯೋಗಿಗಳ ಜೊತೆ ಪಾಳಿ ಬದಲಿಸಿಕೊಂಡು ಸುಧಾರಿಸಿದರು. ಸಲಿಂಗಿಗಳಾಗಿದ್ದ ಇಬ್ಬರು ಸಹೋದ್ಯೋಗಿಗಳು ಇದು ತಮಗಾದ ಅವಮಾನ ಎಂದು ದೂರಿದರು. ಶಿಸ್ತುಕ್ರಮ ನಡೆದು, ಲಡೇಲ್ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯದಲ್ಲೂ, 2013ರ ಜನವರಿ 15ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ ಸೋತರು. ಭಿನ್ನಮತದ ಇಬ್ಬರು ನ್ಯಾಯಾಧೀಶರು ಎತ್ತಿದ ಆಕ್ಷೇಪ ಗಟ್ಟಿಯಾದದ್ದು: ಲಡೇಲ್ ಅವರಿಂದಾಗಿ ಒಂದು ಜೋಡಿಗೂ ಸೇವೆ ತಪ್ಪಿರಲಿಲ್ಲ, ಕೆಲಸಕ್ಕೆ ಸೇರಿದಾಗ ಈ ಹೊಣೆ ಇರಲೇ ಇಲ್ಲ. ಬೆಲೆ ಯಾರು ತೆತ್ತರು ಎಂಬ ಅಳತೆಯಲ್ಲಿ ಡೇವಿಸ್‌ಗಿಂತ ಲಡೇಲ್ ವಾದಕ್ಕೆ ಹೆಚ್ಚು ತೂಕವಿತ್ತು. ಇಸ್ಲಿಂಗ್ಟನ್ ತನ್ನ ನೌಕರರೆಲ್ಲರಿಂದ ಸಮಾನತೆಯ ನಿಷ್ಠೆ ಬಯಸಿದ್ದನ್ನೇ ಬಹುಮತದ ನ್ಯಾಯಾಧೀಶರು ಸಾಕಷ್ಟು ಕಾರಣವೆಂದುಕೊಂಡರು.

ಕೆನಡಾದ ಸಸ್ಕಾಚುವಾನ್ ಪ್ರಾಂತ್ಯ ವಿವಾಹ ಅಧಿಕಾರಿಗಳಿಗೆ ವಿನಾಯಿತಿ ಕೊಡುವ ಎರಡು ಕರಡು ಕಾನೂನುಗಳನ್ನು ತನ್ನ ಮೇಲ್ಮನವಿ ನ್ಯಾಯಾಲಯದ ಮುಂದಿಟ್ಟಿತು. 2011ರಲ್ಲಿ ಎರಡೂ ಅಸಂವಿಧಾನಿಕವೆನಿಸಿದವು. ಅರ್ಜಿಗಳೆಲ್ಲ ಒಂದೇ ಕೇಂದ್ರ ಕಚೇರಿಗೆ ಬಂದು, ಅಲ್ಲಿಂದಲೇ ಒಪ್ಪುವ ಅಧಿಕಾರಿಗೆ ಹಂಚಿಕೆಯಾದರೆ ಯಾವ ಜೋಡಿಯೂ ‘ಇಲ್ಲ’ ಎಂಬ ಮಾತು ಕೇಳಬೇಕಾಗುವುದಿಲ್ಲ ಎಂದು ನ್ಯಾಯಾಲಯವೇ ಸೂಚ್ಯವಾಗಿ ದಾರಿ ತೋರಿಸಿತು. 2001ರಲ್ಲಿ ಜಗತ್ತಿನಲ್ಲೇ ಮೊದಲು ಸಲಿಂಗ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟ ನೆದರ್‌ಲ್ಯಾಂಡ್ಸ್, ನಿರಾಕರಿಸುವ ಅಧಿಕಾರಿಗಳನ್ನು ಹೊಸದಾಗಿ ನೇಮಿಸುವಂತಿಲ್ಲ ಎಂದು 2014ರಲ್ಲಿ ತೀರ್ಮಾನಿಸಿತು.

ಶಿರೂರು ಮಠದಿಂದ ಹೊರಟ ಅಳತೆಗೋಲು

ಭಾರತದಲ್ಲಿ ಈ ಪ್ರಶ್ನೆ ಕೇಳುವ ಕ್ರಮವೇ ಬೇರೆ, ಅದರ ಮೂಲ ಉಡುಪಿಯಲ್ಲಿದೆ. ಅಂದಿನ ಮದ್ರಾಸ್ ರಾಜ್ಯಕ್ಕೆ ಸೇರಿದ್ದ ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಆಡಳಿತದಲ್ಲಿ ದತ್ತಿ ಇಲಾಖೆ ಕೈಹಾಕಿದಾಗ ಸ್ವಾಮಿಗಳು ನ್ಯಾಯಾಲಯಕ್ಕೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ, ಒಂದು ಧರ್ಮದ ಅವಿಭಾಜ್ಯ ಆಚರಣೆಗೆ ಮಾತ್ರ ಸಂವಿಧಾನದ ಪೂರ್ಣ ರಕ್ಷಣೆ ಎಂಬ ವಿಚಾರ ಬೆಳೆಯಿತು. ಯಾವುದು ಅವಿಭಾಜ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತವೇ ಹೇಳಬೇಕೆಂದು ತೀರ್ಪಿನಲ್ಲಿತ್ತು. ಬರಬರುತ್ತ ಅದನ್ನು ಹೇಳುವ ಕೆಲಸ ನ್ಯಾಯಾಧೀಶರದಾಯಿತು. ಅಮೆರಿಕದ ನ್ಯಾಯಾಲಯ ನಂಬಿಕೆ ಪ್ರಾಮಾಣಿಕವೇ ಎಂದಷ್ಟೇ ನೋಡುತ್ತದೆ, ಅದು ಶಾಸ್ತ್ರಸಮ್ಮತವೇ ಎಂದು ಕೇಳುವುದಿಲ್ಲ. ಭಾರತದ ನ್ಯಾಯಾಲಯ ಶಾಸ್ತ್ರವನ್ನೂ ಕೇಳುತ್ತದೆ. ಇದರಿಂದ ಒಂಟಿ ಆತ್ಮಸಾಕ್ಷಿಗೆ ಇಲ್ಲಿ ಬಲ ಕಡಿಮೆ.

ವಾಯುಪಡೆಯ ಮುಸ್ಲಿಂ ನೌಕರನೊಬ್ಬ ಗಡ್ಡ ಬಿಟ್ಟದ್ದಕ್ಕೆ ಕೆಲಸ ಕಳೆದುಕೊಂಡ ಮೊಕದ್ದಮೆ 2016ರ ಡಿಸೆಂಬರಿನಲ್ಲಿ ತೀರ್ಮಾನವಾದದ್ದು ಹೀಗೆಯೇ. ಕೂದಲು ಕತ್ತರಿಸುವುದನ್ನೋ ಕ್ಷೌರವನ್ನೋ ಧರ್ಮವೇ ನಿಷೇಧಿಸಿದವರಿಗೆ ವಾಯುಪಡೆಯ ನಿಯಮದಲ್ಲಿ ವಿನಾಯಿತಿಯಿದೆ. ಸಿಖ್ಖರಿಗೆ ಅದು ಸಿಗುತ್ತದೆ. ಇಸ್ಲಾಂ ಹಾಗೆ ನಿಷೇಧಿಸುತ್ತದೆಂದು ಸಾಬೀತಾಗಲಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಈಚಿನ 2025ರ ಪ್ರಕರಣ ಭೂಸೇನೆಯದು. ಸಿಖ್ ಸೈನಿಕರಿದ್ದ ತುಕಡಿಯ ಕ್ರೈಸ್ತ ಅಧಿಕಾರಿಯೊಬ್ಬರು ರೆಜಿಮೆಂಟಿನ ವಾರದ ಧಾರ್ಮಿಕ ಪರೇಡಿಗೆ ಬರುತ್ತಿದ್ದರು, ಗರ್ಭಗುಡಿಯೊಳಗೆ ಮಾತ್ರ ಕಾಲಿಡಲು ಒಪ್ಪಲಿಲ್ಲ. ಅವರನ್ನು ಸೇವೆಯಿಂದ ವಜಾ ಮಾಡಲಾಯಿತು. ಇದು ಧರ್ಮಸ್ವಾತಂತ್ರ್ಯದ ಪ್ರಶ್ನೆಯಲ್ಲ, ಮೇಲಧಿಕಾರಿಯ ಕಾನೂನುಬದ್ಧ ಆಜ್ಞೆ ಮೀರಿದ ಪ್ರಶ್ನೆ ಎಂದು ದೆಹಲಿ ಹೈಕೋರ್ಟ್ ಮೇ ತಿಂಗಳಲ್ಲಿ ಹೇಳಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ. ಸೇನೆಯವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸಬಹುದೆಂದು ಸಂವಿಧಾನದ 33ನೇ ವಿಧಿ ಹೇಳುವುದರಿಂದ ಇಂಥ ತೀರ್ಪು ಅನಿರೀಕ್ಷಿತವಲ್ಲ. ಆದರೂ ಇದು ರೋವನ್ ಕೌಂಟಿಯ ಸಾಲಿಗೆ ಸೇರದ ಪ್ರಕರಣ. ಕೌಂಟರಿನ ಆಚೆ ಕಾಯುತ್ತ ನಿಂತ ಪ್ರಜೆ ಇಲ್ಲಿ ಯಾರೂ ಇಲ್ಲ, ತುಕಡಿಯ ಒಗ್ಗಟ್ಟಿಗೆ ಧಕ್ಕೆಯಾಯಿತು ಎಂಬುದೊಂದೇ ಆರೋಪ. ಅಧಿಕಾರಿ ನಿರಾಕರಿಸಿದ್ದು ಕೆಲಸವನ್ನೋ ಪೂಜೆಯನ್ನೋ ಎಂಬ ಪ್ರಶ್ನೆ ಈ ತೀರ್ಪಿನ ಬಳಿಕವೂ ಚರ್ಚೆಗೆ ಉಳಿದಿದೆ.

ನಾಗರಿಕ ಸೇವೆಯಲ್ಲಿ ಹಬ್ಬಹರಿದಿನಗಳ ತಕರಾರನ್ನು ಪರಿಮಿತ ರಜೆಯ ಪಟ್ಟಿ ಬಹುಮಟ್ಟಿಗೆ ತೀರಿಸಿದೆ. ಕರ್ನಾಟಕ ಸರ್ಕಾರವೂ ಪ್ರತಿವರ್ಷ ಸಾರ್ವತ್ರಿಕ ರಜೆಗಳ ಜೊತೆಗೆ ಅದನ್ನು ಪ್ರಕಟಿಸುತ್ತದೆ, ನೌಕರರು ತಮ್ಮ ಹಬ್ಬವನ್ನು ಅದರಿಂದ ಆರಿಸಿಕೊಳ್ಳುತ್ತಾರೆ. ಡೇವಿಸ್ ಕುಳಿತಿದ್ದ ಕುರ್ಚಿಗೆ ಇಲ್ಲಿ ಸಮನಾದದ್ದು 1954ರ ವಿಶೇಷ ವಿವಾಹ ಕಾಯ್ದೆಯ ವಿವಾಹಾಧಿಕಾರಿಯ ಕುರ್ಚಿ. ಬೇರೆಬೇರೆ ಧರ್ಮದ ವಧೂವರರು ಹೆಚ್ಚಾಗಿ ಬರುವುದು ಅಲ್ಲಿಗೇ. ವಯಸ್ಸು, ಈಗಾಗಲೇ ಇರುವ ಮದುವೆ, ಮಾನಸಿಕ ಸಾಮರ್ಥ್ಯ, ನಿಷಿದ್ಧ ಸಂಬಂಧ ಇಂಥ ಕಾರಣಗಳಿಗೆ ಮಾತ್ರ ಮದುವೆಗೆ ಆಕ್ಷೇಪ ಎತ್ತಬಹುದೆಂದು ಕಾಯ್ದೆ ಹೇಳುತ್ತದೆ. ಅಧಿಕಾರಿಯ ಸ್ವಂತ ಶ್ರದ್ಧೆ ಆ ಕಾರಣಗಳಲ್ಲಿಲ್ಲ. ಆಕ್ಷೇಪವನ್ನು ಎತ್ತಿಹಿಡಿದು ಅಧಿಕಾರಿ ಮದುವೆಗೆ ಒಪ್ಪದಿದ್ದರೆ ಜೋಡಿ 30 ದಿನಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿ ಬರುವ ತೀರ್ಮಾನ ಅಂತಿಮ, ವಿವಾಹಾಧಿಕಾರಿ ಅದರಂತೆಯೇ ನಡೆಯಬೇಕು.